ಮಂಚಕ್ಕೆ ವಿಮೆ, ಮಾತಿಗೆ ಕೈಯಿಂದ ರೊಕ್ಕ

‘ಬರೇ ಮಾತಾಡಾಕ ಇಷ್ಟ್ ರೊಕ್ಕ ಯಾಕ್ರೀ?’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಆಪ್ತಸಮಾಲೋಚನೆಯ ಫೀ ಹೇಳಿದೊಡನೆ ಬರುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೇನಿಲ್ಲ. ಗುಳಿಗೆ ಕೈಗೆ ಸಿಗುತ್ತದೆ, ಸೂಜಿ ಮಾಡಿದ್ದು ಗೊತ್ತಾಗುತ್ತದೆ. ಮುಕ್ಕಾಲು ಗಂಟೆ ಎದುರು ಕೂತು ಮಾತಾಡಿದ್ದಕ್ಕೆ ಏನು ಲೆಕ್ಕ? ಆದರೆ ಆ ಹೊತ್ತಿನಲ್ಲಿ ತರಬೇತಿ ಪಡೆದವರು ನಿದ್ದೆ ಯಾವಾಗ ಕೆಟ್ಟಿತು, ಯಾವ ಯೋಚನೆ ಬಂದಾಗ ಎದೆ ಹೊಡೆದುಕೊಳ್ಳುತ್ತದೆ, ಹೆದರಿ ಯಾವ ಕೆಲಸ ಬಿಟ್ಟಿದ್ದೀರಿ ಎಂದು ಒಂದೊಂದೇ ಎಳೆ ಬಿಡಿಸುತ್ತಾರೆ. ಮುಂದಿನ ವಾರದೊಳಗೆ ಏನು ಮಾಡಿ ನೋಡಬೇಕೆಂದು ಹೇಳಿ ಕಳಿಸುತ್ತಾರೆ. ಒಂದು ಭೇಟಿಗೆ ಮುಗಿಯುವ ಚಿಕಿತ್ಸೆ ಇದಲ್ಲ. ಎಂಟು, ಹತ್ತು, ಹನ್ನೆರಡು ಸಲ ಹೋಗಬೇಕಾಗಬಹುದು. ಹಾಗಾಗಿ ಒಟ್ಟು ಎಷ್ಟು ಭೇಟಿ ಬೇಕಾದೀತು, ತಪ್ಪಿಸಿಕೊಂಡ ದಿನಕ್ಕೂ ಫೀ ಉಂಟೇ, ನಡುವೆ ಕೆಲವನ್ನು ಫೋನಿನಲ್ಲೇ ಮುಗಿಸಬಹುದೇ ಎಂದು ಮೊದಲ ದಿನವೇ ಕೇಳಿಬಿಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅದನ್ನು ಕೇಳಲು ಸಂಕೋಚ ಬೇಡ.

ನಮ್ಮ ಕಡೆ ಫೀಗಿಂತ ದಾರಿಯೇ ದುಬಾರಿ. ಮುದ್ದೇಬಿಹಾಳದಿಂದ ವಿಜಯಪುರ ಸುಮಾರು 80 ಕಿ.ಮೀ. ಮನಸ್ಸು ಕುಗ್ಗಿದವರನ್ನು ಮನೆಯವರು ಒಬ್ಬರನ್ನೇ ಕಳಿಸುವುದಿಲ್ಲ, ಜತೆಗೊಬ್ಬರು ಹೋಗಲೇಬೇಕು. ಅಲ್ಲಿಗೆ ಇಬ್ಬರ ಕೂಲಿ ಹೋಯಿತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ಚಾರ್ಜ್ ಉಳಿಸಿದೆ, ಗಂಡಸರದು ಉಳಿದಿಲ್ಲ. ತೊಗರಿ ರಾಶಿಯ ದಿನಗಳಲ್ಲಂತೂ ದವಾಖಾನೆ ಹಿಂದಕ್ಕೆ ಸರಿಯುತ್ತದೆ, ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯೂ ಈ ಖರ್ಚಿನ ಹೊರೆಯನ್ನು ಕಂಡಿತು: ಕುಟುಂಬಗಳು ಚಿಕಿತ್ಸೆಗೂ ಓಡಾಟಕ್ಕೂ ಸೇರಿ ತಿಂಗಳಿಗೆ 1,000ದಿಂದ 1,500 ರೂಪಾಯಿ ಖರ್ಚು ಮಾಡುತ್ತಿದ್ದವು.

ಇನ್ನು ವಿಮೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017, 2018ರ ಮೇ 29ರಂದು ಜಾರಿಗೆ ಬಂತು. ದೇಹದ ಕಾಯಿಲೆಗೆ ಇರುವ ಆಧಾರದಲ್ಲೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ ಅದರ 21ನೇ ಕಲಮು. ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು 2018ರಲ್ಲೊಮ್ಮೆ ನೆನಪಿಸಿತು. 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಪಾಲಿಸಲೇಬೇಕೆಂದು ಮತ್ತೊಮ್ಮೆ ಗಡುವು ಕೊಟ್ಟಿತು. ಇಷ್ಟಾದರೂ ಸಮಾಲೋಚನೆಯ ರಸೀದಿ ಕಳಿಸಿದರೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಯಲ್ಲಿ 24 ಗಂಟೆ ದಾಖಲಾದರೆ. ಸಮಾಲೋಚನೆಗೆ ಬಂದವರು ಮಾತಾಡಿ ಮನೆಗೆ ಹೋಗುತ್ತಾರೆ, ಅದು ಒಪಿಡಿ. ಸಕ್ಕರೆ ಕಾಯಿಲೆಯವರ ಒಪಿಡಿಗೂ ನಾವು ಕೊಡುವುದಿಲ್ಲವಲ್ಲ ಎಂದು ಕಂಪನಿ ಹೇಳಬಹುದು, ಕಾಗದದ ಮೇಲೆ ಅದು ಸಮಾನತೆಯೇ. ಆದರೆ ಆತಂಕ, ಖಿನ್ನತೆಯಂಥ ಕಾಯಿಲೆಗಳಲ್ಲಿ ಎಷ್ಟೋ ಮಂದಿಗೆ ಮಾತೇ ಮುಖ್ಯ ಚಿಕಿತ್ಸೆ. ಅದನ್ನು ಹೊರಗಿಟ್ಟು ಮಂಚಕ್ಕೆ ಮಾತ್ರ ಹಣ ಕೊಡುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಪಾಲಿಸಿ ಪುಸ್ತಕದಲ್ಲಿ ‘ಒಪಿಡಿ’ ಎಂಬ ಶಬ್ದ ಹುಡುಕಿ. ಇದ್ದರೆ ವರ್ಷಕ್ಕೆ ಎಷ್ಟು ರೂಪಾಯಿ ಮಿತಿ, ಮನೋವೈದ್ಯರ ಚೀಟಿ ಬೇಕೇ ಎಂದು ನೋಡಿ. ಮೊದಲೇ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ: ಹಳೆಯ ಕಾಯಿಲೆಗೆ ಕಾಯಬೇಕಾದ ಅವಧಿ ಈಗ ಹೆಚ್ಚೆಂದರೆ 36 ತಿಂಗಳು, ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು. ದಾಖಲಾಗಿಯೂ ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಕಂಪನಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಕೂಡ ಮುಖ್ಯವಾಗಿ ಒಳರೋಗಿಗಳಿಗೇ.

ಹಾಗಾದರೆ ರೊಕ್ಕವಿಲ್ಲದವರು? ಇಲ್ಲಿ ಕರ್ನಾಟಕಕ್ಕೊಂದು ಹೆಮ್ಮೆಯಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮನೋಚಿಕಿತ್ಸೆ ಕೊಟ್ಟು ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದರ ತಂಡ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಗೆ ಮನೋಚೈತನ್ಯ ಎಂದು ಹೆಸರು. ನಿಮ್ಮ ತಾಲ್ಲೂಕಿನ ಪಾಳಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯನ್ನೋ ವಿಚಾರಿಸಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಕನ್ನಡದಲ್ಲಿ, ಪುಕ್ಕಟೆ.

ಕಾಯ್ದೆಯ 18ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಕಾರ್ಡ್ ಇಲ್ಲದಿದ್ದರೂ, ಸರ್ಕಾರಿ ಚಿಕಿತ್ಸೆ ಉಚಿತ. ಜಿಲ್ಲೆಯಲ್ಲಿ ಇರಲೇಬೇಕಾದ ಕನಿಷ್ಠ ಸೇವೆ ಇಲ್ಲವಾದರೆ ಅದೇ ಜಿಲ್ಲೆಯ ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು, ವೆಚ್ಚ ಸರ್ಕಾರದ್ದು. ಈ ಮಾತು ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ತಲುಪಿದೆ? ನಿಮ್ಮ ತಾಲ್ಲೂಕಿಗೆ ತಂಡ ಬರುತ್ತಿಲ್ಲವಾದರೆ, ಬಂದರೂ ಸಮಾಲೋಚಕರಿಲ್ಲವಾದರೆ, ಈ ಕಲಮಿನ ಹೆಸರು ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಗ್ರಾಮ ಪಂಚಾಯಿತಿ ಸದಸ್ಯರು ಸಹಿ ಸೇರಿಸಿದರೆ ಅರ್ಜಿಗೆ ಇನ್ನಷ್ಟು ಬಲ.