ಕುಮ್ಕಿಯ ನೂರು ಗಜ ಅಳೆಯುವ ಜಿಯೋಸ್

ದಕ್ಷಿಣ ಕನ್ನಡದಲ್ಲಿ ವರ್ಗ (ಪಟ್ಟಾ) ಜಾಗ ಇದ್ದವರ ಮನೆಯಲ್ಲಿ ಕುಮ್ಕಿಯ ಮಾತು ಬಾರದೆ ಇರುವುದಿಲ್ಲ. ಕೃಷಿ ಭೂಮಿಯ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಸೌದೆ ತರುವ, ದನ ಮೇಯಿಸುವ ಸವಲತ್ತು ಅದು. ಜಾಗ ಸರಕಾರದ್ದೇ, ಅನುಭೋಗವಷ್ಟೇ ರೈತನದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಈ ಸವಲತ್ತನ್ನು ಉಳಿಸಿಕೊಂಡಿದೆ.

ಹೇಳಲು ಇಷ್ಟು ಸುಲಭವಾದದ್ದು ನಕ್ಷೆಗೆ ಇಳಿಸುವಾಗ ಕಷ್ಟವಾಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಜಮೀನು ಚೌಕ ಹೊಲವಲ್ಲ. ಗುಡ್ಡಗಳ ನಡುವೆ ಬೈಲು, ಮಜಲು, ಬೆಟ್ಟು ಎಂದು ಮೇಲೇರುವ ಗದ್ದೆಗಳು, ತೋಡು ತಿರುಗಿದಂತೆ ತಿರುಗುವ ಅಡಿಕೆ ತೋಟಗಳು. ಒಂದೊಂದು ಗಡಿಗೂ ಹತ್ತಾರು ಮೂಲೆ. ಅಂಥ ಗಡಿಯಿಂದ ಎಲ್ಲ ಕಡೆಗೂ ನೂರು ಗಜ, ಅಂದರೆ 91.44 ಮೀಟರ್ ದೂರದಲ್ಲಿ ಗೆರೆ ಎಳೆದರೆ ಅದರ ಆಕಾರ ಹೇಗಿರುತ್ತದೆ?

ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುವ ಮುಕ್ತ ತಂತ್ರಾಂಶವೊಂದಿದೆ. ಹೆಸರು ಜಿಯೋಸ್. ಇದು ಜ್ಯಾಮಿತಿಯ ಲೈಬ್ರರಿ. ತಾನಾಗಿ ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ, ಬೇರೆ ತಂತ್ರಾಂಶಗಳು ಕೇಳಿದ ಲೆಕ್ಕ ಮಾಡಿಕೊಡುತ್ತದೆ. ನಕ್ಷೆ ಮಾಡುವವರು ಬಳಸುವ ಕ್ಯೂಜಿಐಎಸ್, ದತ್ತಾಂಶ ಇಡುವ ಪೋಸ್ಟ್‌ಜಿಐಎಸ್, ಪೈಥಾನ್ ಬಲ್ಲವರ ಶೇಪ್ಲಿ ಎಲ್ಲಕ್ಕೂ ಒಳಗಿನ ಕೆಲಸಗಾರ ಇದೇ. ಕೆನಡಾದ ಮಾರ್ಟಿನ್ ಡೇವಿಸ್ ಜಾವಾದಲ್ಲಿ ಬರೆದ ಜೆಟಿಎಸ್ ಎಂಬ ಲೈಬ್ರರಿಯನ್ನು 2002ರ ಸುಮಾರಿಗೆ ಸಿ++ ಭಾಷೆಗೆ ತಂದಾಗ ಜಿಯೋಸ್ ಹುಟ್ಟಿತು.

ಕುಮ್ಕಿಯ ಗೆರೆ ಎಳೆಯುವ ಕ್ರಿಯೆಗೆ ಅಲ್ಲಿ ಬಫರ್ ಎನ್ನುತ್ತಾರೆ. ಗಡಿಯ ಪ್ರತಿ ಬದಿಗೂ ಸಮಾನಾಂತರವಾಗಿ ಹೊರಗೆ ಒಂದು ಗೆರೆ ಬರುತ್ತದೆ. ಹೊರಚಾಚಿದ ಮೂಲೆಯಲ್ಲಿ ಎರಡು ಗೆರೆಗಳ ನಡುವೆ ಉಳಿದ ಸಂದಿಯನ್ನು ವೃತ್ತದ ತುಂಡು ತುಂಬುತ್ತದೆ; ಕಂಪ್ಯೂಟರಿಗೆ ಅದು ಪುಟ್ಟ ನೇರ ಗೆರೆಗಳ ಸಾಲು. ಒಳಗೆ ಬಾಗಿದ ಮೂಲೆಯೇ ತೊಡಕಿನದು. ಅಲ್ಲಿ ಗೆರೆಗಳು ಒಂದನ್ನೊಂದು ದಾಟಿ ಕುಣಿಕೆಯಾಗುತ್ತವೆ. ಆ ಕುಣಿಕೆಗಳನ್ನು ಹುಡುಕಿ ಕಿತ್ತುಹಾಕಬೇಕು. ಬಳಿಕ ನೆರೆಯವರ ಪಟ್ಟಾ ಜಾಗ, ರಸ್ತೆ, ತೋಡುಗಳನ್ನು ಕಳೆಯಬೇಕು. ಉಳಿದದ್ದು ಕುಮ್ಕಿಯ ಅಂದಾಜು ಆಕಾರ.

ಕಳೆಯುವಲ್ಲೇ ನಿಜವಾದ ಪರೀಕ್ಷೆ. 91.44ರಂಥ ಸಂಖ್ಯೆಯನ್ನು ಕಂಪ್ಯೂಟರ್ ಎರಡರ ಮಾನದಲ್ಲಿ ಪೂರ್ತಿ ನಿಖರವಾಗಿ ಹಿಡಿದಿಡಲಾರದು. ಎರಡು ಗೆರೆ ಕೂಡುವ ಬಿಂದುವನ್ನು ಲೆಕ್ಕ ಹಾಕಿದರೆ ಅದು ಕೂದಲೆಳೆಯಷ್ಟು ಸರಿದು, ಎರಡು ಗೆರೆಗಳ ಮೇಲೂ ಸರಿಯಾಗಿ ಕೂರುವುದಿಲ್ಲ. ಅಕ್ಕಪಕ್ಕದ ಜಾಗಗಳನ್ನು ಬೇರೆ ಬೇರೆ ಕಾಲದಲ್ಲಿ ಅಳೆದಿದ್ದರೆ ಇಬ್ಬರ ಒಂದೇ ಗಡಿ ಎರಡು ಗೆರೆಯಾಗಿ, ನಡುವೆ ಎಳೆಯಂಥ ಸಂದು ಬಿಟ್ಟಿರುತ್ತದೆ. ಇಂಥ ಕಡೆ ಹಳೆಯ ಜಿಯೋಸ್ ಕೆಲವೊಮ್ಮೆ ದೋಷ ತೋರಿಸಿ ನಿಂತುಬಿಡುತ್ತಿತ್ತು. 2020ರ ಡಿಸೆಂಬರಿನಲ್ಲಿ ಬಂದ 3.9 ಆವೃತ್ತಿ ಈ ಭಾಗವನ್ನೇ ಹೊಸದಾಗಿ ಕಟ್ಟಿತು; ಬೇಕೆಂದರೆ ಎಲ್ಲ ಬಿಂದುಗಳನ್ನೂ ಒಂದು ಸಣ್ಣ ಜಾಲರಿಗೆ ಕೂರಿಸಿ ಲೆಕ್ಕ ಮಾಡಬಹುದು. ಯುರೋಪ್ ಮತ್ತು ಇಸ್ರೇಲಿನ ಸಂಶೋಧನಾ ಸಂಸ್ಥೆಗಳು 1996ರಲ್ಲಿ ಆರಂಭಿಸಿದ, ಸಿಗಾಲ್ ಎಂಬ ಇನ್ನೊಂದು ಜ್ಯಾಮಿತಿ ಲೈಬ್ರರಿಯ ದಾರಿ ಬೇರೆ. ಅಗತ್ಯ ಬಿದ್ದಲ್ಲಿ ಅದು ದುಂಡುಮಾಡದೆ ಪೂರ್ಣ ನಿಖರ ಅಂಕಗಣಿತವನ್ನೇ ಬಳಸುತ್ತದೆ.

ಹೊಸಬರು ಒಂದು ಎಚ್ಚರ ವಹಿಸಬೇಕು. ಮೊಬೈಲಿನ ಜಿಪಿಎಸ್ ಕೊಡುವುದು ಅಕ್ಷಾಂಶ, ರೇಖಾಂಶದ ಡಿಗ್ರಿಗಳನ್ನು. ಜಿಯೋಸ್‌ಗೆ ಡಿಗ್ರಿಯೂ ಮೀಟರೂ ಬರಿಯ ಸಂಖ್ಯೆ. ಡಿಗ್ರಿಯ ನಕ್ಷೆಗೆ 91.44 ಎಂದು ಕೊಟ್ಟರೆ ಕುಮ್ಕಿ ಅರಬಿ ಸಮುದ್ರ ದಾಟಿ ಖಂಡಾಂತರಕ್ಕೆ ಹೋಗುತ್ತದೆ. ಮೊದಲು ಮೀಟರಿನ ಪದ್ಧತಿಗೆ ಬದಲಿಸಬೇಕು. ನಮ್ಮ ಕಡೆಗೆ ಯುಟಿಎಂ ಎಂಬ ಪದ್ಧತಿಯ 43ನೇ ಉತ್ತರ ವಲಯ ಹೊಂದುತ್ತದೆ. ಅದರ ನಡುಗೆರೆ 75 ಡಿಗ್ರಿ ಪೂರ್ವ ರೇಖಾಂಶ, ಮೂಡುಬಿದಿರೆಯ ಹತ್ತಿರವೇ ಹಾದುಹೋಗುತ್ತದೆ.

ಕಾನೂನಿಗೆ ಬೇಕಾದದ್ದು ಸರ್ವೆ ಇಲಾಖೆಯ ನಕ್ಷೆಯೇ. ಮನೆಯ ಲ್ಯಾಪ್‌ಟಾಪಿನ ಗೆರೆ ಅದರ ಜಾಗಕ್ಕೆ ಬಾರದು. ಆದರೂ ಗಡಿ ತಕರಾರಿನಲ್ಲಿ ಲೆಕ್ಕ ಹೇಗೆ ಬಂತೆಂದು ಕೇಳುವ ಹಕ್ಕು ಇಬ್ಬರಿಗೂ ಇರಬೇಕು. ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಜಿಯೋಸ್‌ನಲ್ಲಿ ಪ್ರತಿ ಸಾಲನ್ನೂ ತೆರೆದು ಓದಬಹುದು. ನನಗೆ ಅದರ ಮೇಲೆ ಇಷ್ಟೊಂದು ಅಭಿಮಾನ ಬರಲು ಇದೇ ಕಾರಣ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ: ಬೆಂಜನಪದವಿನಲ್ಲಿ ಕೆನರಾ, ಉಜಿರೆಯಲ್ಲಿ ಎಸ್‌ಡಿಎಂ, ಮೂಡುಬಿದಿರೆಯ ಬಳಿ ಆಳ್ವಾಸ್ ಮತ್ತು ಮೈಟ್. ಅಲ್ಲಿನ ಮಕ್ಕಳು ಶೇಪ್ಲಿ ಬಳಸಿ ನಿಲ್ಲದೆ ಜಿಯೋಸ್‌ನ ಮೂಲವನ್ನೇ ಇಳಿಸಿಕೊಂಡು ಕಟ್ಟಲಿ ಎಂಬುದು ನನ್ನ ಆಸೆ. ಸಿ++ ಕಂಪೈಲರ್ ಮತ್ತು ಸಿಮೇಕ್ ಎಂಬ ಕಟ್ಟುವ ಸಾಧನ ಇದ್ದರೆ ಸಾಧಾರಣ ಲಿನಕ್ಸ್ ಯಂತ್ರದಲ್ಲೂ ಆಗುತ್ತದೆ. ಕಟ್ಟಿದ ಮೇಲೆ ಅದರೊಂದಿಗೇ ಬರುವ ಪರೀಕ್ಷೆಗಳನ್ನು ಓಡಿಸಬೇಕು. ಒಂದೊಂದು ಪರೀಕ್ಷೆಯೂ ಕೆಲವು ಬಿಂದುಗಳ ಪಟ್ಟಿ, ಒಂದು ಪ್ರಶ್ನೆ, ಬರಬೇಕಾದ ಉತ್ತರ. ತೋಡಿನ ಬದಿಯ ಅಡಿಕೆ ತೋಟದ ಗಡಿಯಲ್ಲಿ ಲೆಕ್ಕ ತಪ್ಪಿತೆಂದರೆ, ಮಾಲೀಕರ ಹೆಸರು, ಸರ್ವೆ ನಂಬರ್ ತೆಗೆದು, ಬಿಂದುಗಳನ್ನೆಲ್ಲ ಒಂದೇ ಅಳತೆಯಲ್ಲಿ ಬೇರೆಡೆಗೆ ಸರಿಸಿ, ಸರಿಸಿದ ಮೇಲೂ ತಪ್ಪು ಹಾಗೇ ಬರುತ್ತದೆಯೇ ಎಂದು ನೋಡಿಕೊಂಡು, ಜಿಯೋಸ್ ಕಟ್ಟುವವರಿಗೆ ಹೊಸ ಪರೀಕ್ಷೆಯಾಗಿ ಕಳುಹಿಸಬಹುದು.