ಸ್ಮರಣ ಸಂಚಿಕೆಯ ಪುಟ ಜೋಡಣೆ: ಹಳೆಯ ಪೇಜ್‌ಮೇಕರ್‌ನ ಲೆಕ್ಕಾಚಾರ

ಮುಂಬಯಿ: ಕನ್ನಡ ಸಂಘದ ಸ್ಮರಣ ಸಂಚಿಕೆ ಅಚ್ಚಿಗೆ ಹೋಗುವ ಕೊನೆಯ ಗಳಿಗೆಯಲ್ಲಿ ಒಂದು ಪುಟದ ಜಾಹೀರಾತು ಬಂದರೆ ಪದಾಧಿಕಾರಿಗಳಿಗೆ ಸಂತೋಷ, ಪ್ರೆಸ್‌ನವರಿಗೆ ಸಂಕಟ. ಇದಕ್ಕೆ ಕಾರಣ ಪುಟ ಜೋಡಣೆ.

ಪುಟಗಳು ಹಾಳೆಯ ಮೇಲೆ 1, 2, 3 ಎಂಬ ಕ್ರಮದಲ್ಲಿ ಅಚ್ಚಾಗುವುದಿಲ್ಲ. ನಡುವೆ ಪಿನ್ ಹೊಡೆಯುವ 64 ಪುಟಗಳ ಸಂಚಿಕೆಯಲ್ಲಿ 64ರ ಪಕ್ಕ 1, ಅದೇ ಹಾಳೆಯ ಹಿಂಬದಿಯಲ್ಲಿ 2 ಮತ್ತು 63 ಬರಬೇಕು. ಜೋಡಿ ಪುಟಗಳ ಮೊತ್ತ ಯಾವಾಗಲೂ 65. ಕಾಗದ ಮಡಚಿ, ಡಮ್ಮಿ ಮಾಡಿ ಹಾಕುತ್ತಿದ್ದ ಈ ಲೆಕ್ಕವನ್ನು ಪೇಜ್‌ಮೇಕರ್‌ನ ‘ಬಿಲ್ಡ್ ಬುಕ್‌ಲೆಟ್’ ತಾನೇ ಮಾಡಿ, ಬೇರೊಂದು ಫೈಲ್‌ನಲ್ಲಿ ಜೋಡಿಸಿಕೊಡುತ್ತದೆ. ಆಮೇಲೆ ಒಂದೇ ಪುಟ ಸೇರಿದರೂ ಜೋಡಿಗಳೆಲ್ಲ ಬದಲಾಗುತ್ತವೆ. ಮಡಚಿದ ಒಂದು ಹಾಳೆಗೆ 4 ಪುಟ. ಹೀಗಾಗಿ 65 ಪುಟವಾದರೆ ಸಂಚಿಕೆ 68ಕ್ಕೇರಿ, 3 ಪುಟ ಖಾಲಿ ಉಳಿಯುತ್ತವೆ.

2001ರಲ್ಲಿ ಬಂದ 7.0 ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ. ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಅಂದು ಬಳಸಿದ ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಳೆಯ ಸಂಚಿಕೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪ್ರೆಸ್‌ನ ಹಳೆಯ ಯಂತ್ರ ಕೆಟ್ಟರೆ ಸಂಘದ ದಾಖಲೆಯೂ ಅದರೊಡನೆ ಹೋದೀತು.

ಆದುದರಿಂದ ಪುಟಸಂಖ್ಯೆಯನ್ನು 4ರಿಂದ ಭಾಗವಾಗುವಂತೆ ಮೊದಲೇ ನಿಗದಿಪಡಿಸುವುದು ಒಳಿತು. ಅಚ್ಚಿನ ಬಳಿಕ, ಓದುವ ಕ್ರಮದಲ್ಲೇ ಇರುವ, ಫಾಂಟ್ ಒಳಗೊಂಡ ಪಿಡಿಎಫ್ ಪ್ರತಿಯನ್ನು ಕೇಳಿ ಪಡೆದು ಸಂಘದ ಕಚೇರಿಯಲ್ಲಿ ಕಾಪಾಡಿಕೊಳ್ಳುವುದು ಕ್ಷೇಮ.