ಫೋನಿನಲ್ಲಿ ಹಾಡುತ್ತೆ, ಟಿವಿಯಲ್ಲಿ ಯಾಕಿಲ್ಲ?

ಫೋನಿನಲ್ಲಿ ವೊಲ್ಯೂಮಿಯೋ ಮ್ಯೂಸಿಕ್ ಪ್ಲೇಯರಿನ ಪುಟ ಸಲೀಸಾಗಿ ತೆರೆಯುತ್ತೆ, ಟಿವಿ ಬ್ರೌಸರಿನಲ್ಲಿ ಮಾತ್ರ ಇಲ್ಲ. ಪ್ಲೇಯರ್ ಕೆಟ್ಟಿತು ಅಂತ ಮೆಮೊರಿ ಕಾರ್ಡ್ ಅಳಿಸೋಕೆ ಹೋಗ್ಬೇಡಿ. ಪ್ಲೇಯರ್ ಚೆನ್ನಾಗೇ ಇದೆ.

ಮೊದಲು ವಿಳಾಸ ನೋಡಿ. ‘ವೊಲ್ಯೂಮಿಯೋ ಡಾಟ್ ಲೋಕಲ್’ ಅನ್ನೋ ಹೆಸರು ಎಷ್ಟೋ ಟಿವಿಗಳಿಗೆ ಗೊತ್ತೇ ಆಗಲ್ಲ. ಫೋನಿನ ಪುಟದಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಒತ್ತಿ. ಸಾಮಾನ್ಯವಾಗಿ 192.168 ಅಂತ ಶುರುವಾಗೋ ಐಪಿ ಸಂಖ್ಯೆ ಕಾಣುತ್ತೆ. ಅದನ್ನೇ ರಿಮೋಟಿನಲ್ಲಿ ಒಂದೊಂದೇ ಅಂಕಿ ಹಾಕಿ. ವಿಳಾಸದ ಶುರುವಿನಲ್ಲಿ ಎಚ್‌ಟಿಟಿಪಿ ಸಾಕು, ಎಸ್ ಸೇರಿಸಬೇಡಿ.

ಟಿವಿ ಗೆಸ್ಟ್ ವೈಫೈಯಲ್ಲಿದ್ರೆ, ಪ್ಲೇಯರ್ ಇರೋ ಮುಖ್ಯ ವೈಫೈಗೆ ಬದಲಿಸಿ.

ಆದ್ರೂ ಬರೀ ಬಿಳಿ ಪರದೆಯೇ? ಬಹುಶಃ ಟಿವಿ ಬ್ರೌಸರ್ ಹಳೇದು, ಪುಟದ ಜಾವಾಸ್ಕ್ರಿಪ್ಟ್ ಅದರಲ್ಲಿ ಓಡ್ತಿಲ್ಲ. ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ನೋಡಿ. ಅದೂ ಇಲ್ಲವಾದ್ರೆ ನನ್ನ ಮಾತು ಕೇಳಿ: ಟಿವಿ ಬ್ರೌಸರ್ ಬಿಟ್ಟುಬಿಡಿ. ವೊಲ್ಯೂಮಿಯೋ ಓಡ್ತಿರೋ ರಾಸ್ಪ್‌ಬೆರಿ ಪೈಗೆ ಟಚ್ ಡಿಸ್‌ಪ್ಲೇ ಪ್ಲಗಿನ್ ಹಾಕಿ, ಎಚ್‌ಡಿಎಂಐ ಕೇಬಲ್ಲಿನಿಂದ ನೇರವಾಗಿ ಟಿವಿಗೆ ಸಿಕ್ಕಿಸಿ.